ಕಂಪ್ಯೂಟರ್ ಶರಾವತಿ ಮತ್ತು ನಿಟ್ಟೂರು ಬಸ್ಸು

ಶರಾವತಿಯ ಬಾಯಲ್ಲಿ ‘ಇರಬಹುದು’ ಎಂಬ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಸಾಗರದ ಬಸ್‌ಸ್ಟ್ಯಾಂಡಿನ ಎದುರಿಗೆ, ಸೈಕಲ್ ಅಂಗಡಿಯ ಮಹಡಿಯ ಮೇಲೆ, ಬಸ್ ಮಾಲೀಕರ ಸಹಕಾರ ಸಂಘದ ಆಫೀಸಿತ್ತು. ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಆ ಆಫೀಸಿಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಇಪ್ಪತ್ತನಾಲ್ಕರ ಶರಾವತಿಯೂ ಬಂದಳು. ಡ್ರೈವರುಗಳು ಅವಳಿಗೆ ಕಂಪ್ಯೂಟರ್ ಶರಾವತಿ ಎಂದು ಹೆಸರಿಟ್ಟರು. ಇಡಲೇಬೇಕಿತ್ತು, ಸುತ್ತಮುತ್ತ ಶರಾವತಿಯರು ಬೇಕಾದಷ್ಟು ಮಂದಿ ಇದ್ದರು, ಹೊಳೆಯೂ ಸೇರಿ.

ಅವಳು ಹುಟ್ಟಿದ್ದು ಲಿಂಗನಮಕ್ಕಿ ಅಣೆಕಟ್ಟು ಏಳುತ್ತಿದ್ದ ಕಾಲದಲ್ಲಿ. ಅಪ್ಪ ದುಗ್ಗಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆಯನ್ನು ಹೊಳೆ ನುಂಗಿತು. ನುಂಗಿದ ಹೊಳೆಯ ಹೆಸರನ್ನೇ ಮಗಳಿಗಿಟ್ಟ ಪುಣ್ಯಾತ್ಮ ಆತ. ಯಾಕೋ ಮಾರಾಯ ಎಂದು ಕೇಳಿದವರಿಗೆ, ಗದ್ದೆ ಹೇಗೂ ಅವಳ ಪಾಲಾಯ್ತು, ಹೆಸರಾದರೂ ನಮ್ಮ ಮನೆಯಲ್ಲಿರಲಿ ಎನ್ನುತ್ತಿದ್ದ. ಆಮೇಲೆ ಇಕ್ಕೇರಿಯ ಹತ್ತಿರ ಜಮೀನು ಸಿಕ್ಕಿತು, ಬದುಕು ನಿಂತಿತು. ಮಗಳು ಸಾಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದಳು, ಬೆಂಗಳೂರಿನಲ್ಲಿ ಒಂದು ವರ್ಷ ಕಂಪ್ಯೂಟರ್ ಕಲಿತಳು, ಕಲಿತ ಮೇಲೆ ಅಲ್ಲಿ ನನಗೇನು ಕೆಲಸ ಎಂದು ಊರಿಗೆ ವಾಪಸು ಬಂದಳು. ಕಾಲೇಜಿನ ದಿನಗಳಲ್ಲಿ ಅವಳು ಹತ್ತುತ್ತಿದ್ದ ಬಸ್ಸಿನ ಡ್ರೈವರ್ ಮಾಸ್ತಪ್ಪ, ಪಕ್ಕದ ಕೇರಿಯವನೇ. ಬೆಳಿಗ್ಗೆ ಜಡೆಯ ರಿಬ್ಬನ್ ಕೈಯಲ್ಲಿ ಹಿಡಿದು ಓಡಿ ಬರುವ ಈ ಹುಡುಗಿಗಾಗಿ ಅವನು ಬಸ್ಸನ್ನು ಗುರುಗುಟ್ಟಿಸುತ್ತ ನಿಲ್ಲಿಸಿಕೊಂಡಿರುತ್ತಿದ್ದ. ಕಂಡಕ್ಟರ್ ಬೈದರೆ, ಓದೋ ಮಗು, ಇರಲಿ ಬಿಡು ಎನ್ನುತ್ತಿದ್ದ.

ಸಂಘದಲ್ಲಿ ಅವಳ ಕೆಲಸ ಡ್ಯೂಟಿ ಪಟ್ಟಿಯ ಪ್ರೋಗ್ರಾಂ ಬರೆಯುವುದು. ಯಾವ ಬಸ್ಸಿಗೆ ಯಾವ ಡ್ರೈವರ್, ಯಾವ ಕಂಡಕ್ಟರ್, ಯಾರಿಗೆ ರಜಾ, ಎಲ್ಲವೂ ಅದರಿಂದಲೇ ಬರಬೇಕು. ಹೇಳುವುದಕ್ಕೆ ಸುಲಭ. ಆದರೆ ಸಂಘದ ಮಹನೀಯರು ಮೂರು ಊರಿಗೆ ಒಂದೇ ಥರದ ಮಷಿನ್ ಕೊಂಡಿದ್ದರೆ ತಾನೆ! ಸಾಗರಕ್ಕೆ ದೊಡ್ಡ ಜಾತಿಯ ಯುನಿಕ್ಸ್ ಮಷಿನ್, ಹೊಸನಗರಕ್ಕೂ ತೀರ್ಥಹಳ್ಳಿಗೂ ಚಿಕ್ಕ ಜಾತಿಯ ಪಿ.ಸಿ. ಸಾಗರದಲ್ಲಿ ಸಿದ್ಧವಾದ ಪ್ರೋಗ್ರಾಂ ತೀರ್ಥಹಳ್ಳಿಯಲ್ಲಿ ಓಡುವುದಿಲ್ಲ. ಅವಳು ಬರೆದದ್ದನ್ನು ಫ್ಲಾಪಿಯಲ್ಲಿ ಒಯ್ದು, ಆಯಾ ಊರಿನ ಮಷಿನ್ನಿನ ಭಾಷೆಗೆ ಅಲ್ಲಲ್ಲೇ ತಿರುಗಿಸಬೇಕು. ಒಂದರ ಫ್ಲಾಪಿಯನ್ನು ಇನ್ನೊಂದು ಓದುವ ಹಾಗೆ ಮಾಡುವುದಕ್ಕೇ ಮಳೆಗಾಲ ಅರ್ಧ ಕಳೆಯಿತು. ಸಾಗರದ ಮಷಿನ್ ನುಂಗುವಷ್ಟು ದೊಡ್ಡ ಸಂಖ್ಯೆಯನ್ನು ಚಿಕ್ಕದು ನುಂಗುವುದಿಲ್ಲ, ಕಕ್ಕುತ್ತದೆ. ಅದನ್ನೂ ಸರಿಮಾಡಿದಳು. ಫ್ಲಾಪಿಗಳನ್ನು ಸ್ಟೀಲ್ ಟಿಫಿನ್ ಡಬ್ಬಿಯಲ್ಲಿಟ್ಟು ಊರೂರು ತಿರುಗುತ್ತಿದ್ದಳು. ಬಸ್ಸಿನಲ್ಲಿ ಯಾರಾದರೂ ಎಂತ ತಿಂಡಿ ಎಂದು ಕೇಳಿದರೆ ಮುಚ್ಚಳ ತೆಗೆದು ತೋರಿಸಿ ನಗುತ್ತಿದ್ದಳು.

ತಿರುಗಿಸುವ ಈ ಕೆಲಸವನ್ನು ಮಾಡಿಸಲು ‘ಮೇಕ್’ ಎಂಬ ಒಬ್ಬ ಮೇಸ್ತ್ರಿ ಇದ್ದ. ಮೇಸ್ತ್ರಿ ಅಂದರೆ ಅದೂ ಒಂದು ಪ್ರೋಗ್ರಾಮೇ. ಪ್ರೋಗ್ರಾಂ ಎಂದರೆ ಒಂದೇ ಮುದ್ದೆಯಲ್ಲ, ಹಲವು ತುಂಡುಗಳು. ಪ್ರತಿ ಸಲವೂ ಎಲ್ಲ ತುಂಡುಗಳನ್ನು ತಿರುಗಿಸುತ್ತ ಕೂತರೆ ಬೆಳಗಾಗುತ್ತದೆ. ಅದಕ್ಕೇ ಮೇಕ್ ತಾರೀಕು ನೋಡುತ್ತದೆ. ಹಿಟ್ಟು ರುಬ್ಬಿದ ಮೇಲೆ ಹೊಸ ಅಕ್ಕಿ ನೆನೆಹಾಕಿದ್ದರೆ ಮತ್ತೆ ರುಬ್ಬಬೇಕು. ಅಕ್ಕಿಯೇ ಹಳೆಯದಾಗಿದ್ದರೆ ರುಬ್ಬಿದ್ದೇ ಸಾಕು. ಹಾಗೆಯೇ ಬರೆದದ್ದು ಹೊಸದಾಗಿದ್ದರೆ ಮಾತ್ರ ಅದು ಆ ತುಂಡನ್ನು ಮತ್ತೆ ತಿರುಗಿಸುತ್ತದೆ. ಮಾಡುವುದೇನೂ ಉಳಿದಿಲ್ಲ ಎನ್ನಿಸಿದರೆ ‘ಅಪ್ ಟು ಡೇಟ್’ ಎಂದು ಪರದೆಯ ಮೇಲೆ ಬರೆದು ಕೈ ತೊಳೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಕೊನೆಗೆ, ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ, ತೀರ್ಥಹಳ್ಳಿಯ ಮಷಿನ್ ಬಂತು. ಶರಾವತಿ ಆ ದಿನ ಹೊಸನಗರದಲ್ಲಿದ್ದಳು. ಫ್ಲಾಪಿಗಳನ್ನು ಶಿವಮೊಗ್ಗದಿಂದ ಬಂದ ಇಂಜಿನಿಯರ್ ಕೈಯಲ್ಲಿ ಕಳಿಸಿದ್ದಳು. ಅವನೇ ಅಲ್ಲಿ ಎಲ್ಲವನ್ನೂ ತಿರುಗಿಸಿ, ಪಟ್ಟಿ ಬರುತ್ತದೆ ಎಂದು ಟ್ರಂಕ್ ಕಾಲ್ ಮಾಡಿ ಹೇಳಿದ. ಮುಂದಿನ ವಾರ ಡ್ರೈವರುಗಳೆಲ್ಲ ಸೇರಿ ಒಂದು ಬೇಡಿಕೆ ಇಟ್ಟರು. ಎರಡು ರಾತ್ರಿ ಹೊರಗೆ ಮಲಗಿದ ಡ್ರೈವರ್ ಊರಿಗೆ ಬಂದ ಮರುದಿನ ರಜಾ ಕೊಡಬೇಕು. ಮುಂದೆ ನಿಂತು ಮಾತಾಡಿದವನು ಮಾಸ್ತಪ್ಪ. ನಿದ್ದೆಗೆಟ್ಟು ಘಟ್ಟದ ರಸ್ತೆ ಹೊಡೆದರೆ ಜನರ ಜೀವಕ್ಕೆ ಯಾರು ಹೊಣೆ ಎಂದು ಕೇಳಿದ. ಸಂಘ ಒಪ್ಪಿತು. ಶರಾವತಿ ಹೊಸ ನಿಯಮವನ್ನು ಬರೆದು, ಸಾಗರದಲ್ಲಿ ಪರೀಕ್ಷೆ ಮಾಡಿ, ಹೊಸನಗರದಲ್ಲಿ ಹಾಕಿ, ಕೊನೆಗೆ ತೀರ್ಥಹಳ್ಳಿಗೆ ಹೋದಳು. ಫ್ಲಾಪಿ ತುರುಕಿ, ಕಾಪಿ ಮಾಡಿ, ಮೇಕ್ ಓಡಿಸಿದಳು. ಪರದೆಯ ಸಾಲುಗಳು ಸರಸರ ಮೇಲೆ ಹೋದವು, ಕೊನೆಗೆ ‘ಅಪ್ ಟು ಡೇಟ್’ ಎಂದು ಬಂತು. ಹೊರಗೆ ಸಾಗರದ ಬಸ್ಸು ಹಾರನ್ ಹೊಡೆಯುತ್ತಿತ್ತು. ಎಲ್ಲ ಸರಿ ಇದೆ ಎಂದುಕೊಂಡು ಅವಳು ಬಸ್ ಹತ್ತಿದಳು.

ನವರಾತ್ರಿ ಶುರುವಾಗಿ ನಾಲ್ಕನೇ ದಿನ, ಶುಕ್ರವಾರ, ನಿಟ್ಟೂರಿನಿಂದ ತೀರ್ಥಹಳ್ಳಿಗೆ ಹೊರಡುವ ಬಸ್ಸು ಹೊರಡಲೇ ಇಲ್ಲ. ಆಸ್ಪತ್ರೆಗೆ ಹೊರಟವರು, ಹಬ್ಬದ ಸಾಮಾನಿಗೆ ಹೊರಟವರು ಕಾದು ಕಾದು ಸೋತು ಮನೆಗೆ ಹೋದರು. ಕೆಲವರು ಸಿಕ್ಕ ಲಾರಿ ಹತ್ತಿ ತೀರ್ಥಹಳ್ಳಿಗೆ ಬಂದು ಬ್ರಾಂಚ್ ಆಫೀಸಿನ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದರು. ಅಲ್ಲಿನ ಪಟ್ಟಿಯ ಪ್ರಕಾರ ಆ ದಿನದ ಡ್ರೈವರ್ ಮಾಸ್ತಪ್ಪ. ಅವನಾದರೋ ಇಕ್ಕೇರಿಯ ತನ್ನ ಮನೆಯಲ್ಲಿ ಸೌದೆ ಒಡೆಯುತ್ತಿದ್ದ. ಕೇಳಿದರೆ, ಸಾಗರದ ಬೋರ್ಡಿನಲ್ಲಿ ನನಗೆ ರಜಾ ಅಂತ ಇತ್ತು, ನೋಡಿಯೇ ಬಂದೆ ಎಂದ. ಬೋರ್ಡಿನ ಹಾಳೆಯನ್ನು ದಿನಾ ಸಂಜೆ ಕಿತ್ತು ಹೊಸದು ಅಂಟಿಸುವುದು ರೂಢಿ. ಕಿತ್ತ ಹಾಳೆ ಕೆಳಗಿನ ಹೋಟೆಲಿನಲ್ಲಿ ವಡೆ ಕಟ್ಟಲು ಹೋಗುತ್ತಿತ್ತು. ಮಾಸ್ತಪ್ಪನ ಸಾಕ್ಷಿಯನ್ನು ಯಾರೋ ತಿಂದು ಎಸೆದಾಗಿತ್ತು.

ಸಂಘದ ಅಧ್ಯಕ್ಷರು ತೀರ್ಥಹಳ್ಳಿ ಕಡೆಯ ಗಿರಿಯಪ್ಪನವರು. ಕೆಟ್ಟವರಲ್ಲ, ಆದರೆ ಮೂಗಿನ ತುದಿಯಲ್ಲಿ ಸಿಟ್ಟು. ಶನಿವಾರ ಅವರು ಶರಾವತಿಯನ್ನು ಕಮಿಟಿಯ ಮುಂದೆ ಕರೆಸಿ, ಎರಡು ಮಷಿನ್ ಎರಡು ಥರ ಹೇಳುವುದು ಸಾಧ್ಯವೇ ಎಂದು ಕೇಳಿದರು. ಬಾಗಿಲ ಹತ್ತಿರ ಮಾಸ್ತಪ್ಪ ನಿಂತಿದ್ದ.

“ಸಾಧ್ಯನೇ ಇಲ್ಲ ಸಾರ್,” ಅಂದಳು ಶರಾವತಿ. “ಪ್ರೋಗ್ರಾಂ ಒಂದೇ. ನಾನೇ ಹೋಗಿ ಹಾಕಿ ಬಂದಿದೀನಿ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಕಮಿಟಿ ಅವಳ ಮಾತನ್ನೇ ಹಿಡಿಯಿತು. ಎದ್ದು ಪಕ್ಕದ ಕೋಣೆಗೆ ಹೋಗಿ ಶುಕ್ರವಾರದ ಪಟ್ಟಿಯನ್ನು ಇನ್ನೊಂದು ಸಲ ಒತ್ತಿಸಿ ನೋಡೋಣ ಎಂದು ಅವಳಿಗೂ ಅನ್ನಿಸಲಿಲ್ಲ. ಗೊತ್ತಿದ್ದದ್ದನ್ನು ನೋಡುವುದೇನು? ಗಿರಿಯಪ್ಪನವರು ಸೀದಾ ಕೆಳಗಿಳಿದು, ಬಸ್‌ಸ್ಟ್ಯಾಂಡಿನ ನಡುವೆ, ಡ್ರೈವರು ಕಂಡಕ್ಟರು ಪ್ಯಾಸೆಂಜರು ಎಲ್ಲರೂ ನೋಡುತ್ತಿದ್ದಂತೆ ಮಾಸ್ತಪ್ಪನನ್ನು ಸುಳ್ಳ ಎಂದು ಕರೆದರು. ಅವನ ಕೈಯಿಂದ ಬಸ್ಸಿನ ಕೀ ಇಸಿದುಕೊಂಡರು. ಬುಧವಾರ ಆಯುಧಪೂಜೆ, ಅಷ್ಟರೊಳಗೆ ಬೇರೆ ಡ್ರೈವರ್ ಬರುತ್ತಾನೆ, ಪೂಜೆ ಅವನೇ ಮಾಡಲಿ ಎಂದರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ವರ್ಷಗಟ್ಟಲೆ ತಾನು ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದ ಬಸ್ಸಿಗೆ ಇನ್ನೊಬ್ಬ ಆರತಿ ಎತ್ತುವುದನ್ನು ದೂರ ನಿಂತು ನೋಡಬೇಕು. ಮಾಸ್ತಪ್ಪ ಹೆಗಲ ಮೇಲಿನ ಟವೆಲ್ ಕೊಡವಿ ನಡೆದುಹೋದ.

ಭಾನುವಾರ ಮನೆಯಲ್ಲಿ ಶರಾವತಿಯ ತಾಯಿ ಗುತ್ಯಮ್ಮ ದೋಸೆ ಹುಯ್ಯುತ್ತ, ಮಾಸ್ತಪ್ಪ ನಿನ್ನೆಯಿಂದ ಊಟ ಮುಟ್ಟಿಲ್ಲವಂತೆ, ಅವನ ಹೆಂಡತಿ ಕೆರಿಯಮ್ಮ ಅಳುತ್ತಿದ್ದಳು ಎಂದರು. ಮಗಳನ್ನು ಬೈಯಲಿಲ್ಲ. ಬೈದಿದ್ದರೆ ಅವಳು ವಾದ ಮಾಡುತ್ತಿದ್ದಳು, ಸಮಾಧಾನವಾಗುತ್ತಿತ್ತು. ವಾದ ಮಾಡಲು ಯಾರೂ ಸಿಗದೆ ಅವಳು ದೋಸೆಯನ್ನು ಅರ್ಧಕ್ಕೇ ಬಿಟ್ಟು, ಸೈಕಲ್ ಹತ್ತಿ ಸಾಗರಕ್ಕೆ ಹೋಗಿ ಆಫೀಸಿನ ಬೀಗ ತೆಗೆಸಿದಳು. ತಾನು ಹೇಳಿದ್ದೇ ನಿಜ ಎಂದು ಒಮ್ಮೆ ಕಣ್ಣಾರೆ ನೋಡಿಬಿಡುವುದು, ಅಷ್ಟೇ ಅವಳ ಉದ್ದೇಶ. ಶುಕ್ರವಾರದ ಪಟ್ಟಿ ಒತ್ತಿಸಿದಳು. ಕನ್ನಡ ಬಾರದ ಪ್ರಿಂಟರ್ ಕಿರ್ರ್ ಕಿರ್ರ್ ಎಂದು ಇಂಗ್ಲಿಷ್ ಅಕ್ಷರ ಮೂಡಿಸಿತು. ಮಾಸ್ತಪ್ಪನ ಹೆಸರಿನ ಮುಂದೆ, ಎರಡು ರಾತ್ರಿ ಹೊರಗೆ ಮಲಗಿದ ಲೆಕ್ಕಕ್ಕೆ, ‘ಆಫ್’ ಎಂದಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದು ಅವಳು, ಹೋದದ್ದು ಇನ್ನೊಬ್ಬನ ಮಾನ. ಹಾಳೆಯನ್ನು ಹಿಡಿದು ಗಿರಿಯಪ್ಪನವರಿಗೆ ಫೋನ್ ಮಾಡಿದಳು. ಅವರು ಕೇಳಿಸಿಕೊಂಡು, ಹಾಗಾದರೆ ತೀರ್ಥಹಳ್ಳಿಯಲ್ಲಿ ಬೇರೆ ಯಾಕೆ ಬಂತು, ಇದು ಸರಿ ಅಂತ ನಂಬುವುದು ಹೇಗೆ, ಯಾವುದು ಸುಳ್ಳು ಎಂದು ಮಂಗಳವಾರದೊಳಗೆ ತೋರಿಸಿದರೆ ನೋಡೋಣ, ಇಲ್ಲವಾದರೆ ಆದದ್ದು ಆಯಿತು ಎಂದರು. ತೋರಿಸುತ್ತೀನಿ ಎಂದಳು ಶರಾವತಿ. ಹೆದರಿದ್ದಳು, ಆದರೂ ತೋರಿಸುತ್ತೀನಿ ಎಂದೇ ಅಂದಳು. ಮಷಿನ್ ಎಂಬುದು ದೇವರಲ್ಲ ದೆವ್ವವಲ್ಲ, ಅದು ತಪ್ಪಿದ್ದರೆ ತಪ್ಪಿದ್ದಕ್ಕೆ ಕಾರಣ ಇದ್ದೇ ಇರುತ್ತದೆ, ಕಾರಣ ಇದ್ದರೆ ತನ್ನ ಕೈಗೆ ಸಿಕ್ಕೇ ಸಿಗುತ್ತದೆ. ಈ ಒಂದು ನಂಬಿಕೆ ಮಾತ್ರ ಅವಳನ್ನು ಯಾವತ್ತೂ ಬಿಟ್ಟಿರಲಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಹೊರಟಳು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟನೇ ಹೊರತು ಮುಖ ನೋಡಲಿಲ್ಲ. ಹೊಸನಗರದಲ್ಲಿ ಇಳಿದು ಅಲ್ಲಿನ ಮಷಿನ್ನಿನಲ್ಲಿ ಅದೇ ಶುಕ್ರವಾರದ ಪಟ್ಟಿ ತೆಗೆಸಿದಳು. ಮಾಸ್ತಪ್ಪನಿಗೆ ರಜಾ. ತೀರ್ಥಹಳ್ಳಿಯ ಪಿ.ಸಿ.ಯೂ ಹೊಸನಗರದ ಪಿ.ಸಿ.ಯೂ ಒಂದೇ ಕಂಪನಿಯವು, ಅಕ್ಕತಂಗಿಯರು. ಹಾಕಿದ ಫ್ಲಾಪಿಯೂ ಒಂದೇ. ಅಂದಮೇಲೆ ತಪ್ಪು ಮಷಿನ್ನಿನ ಜಾತಿಯಲ್ಲಿಲ್ಲ, ತೀರ್ಥಹಳ್ಳಿಯಲ್ಲೇ ಏನೋ ಆಗಿದೆ. ಅರ್ಧ ದಾರಿ ಸವೆಯಿತು ಎಂದು ಅವಳಿಗೆ ಧೈರ್ಯ ಬಂತು. ಮುಂದಿನ ಬಸ್ಸು ಹತ್ತಿದಳು.

ತೀರ್ಥಹಳ್ಳಿಯ ಬ್ರಾಂಚ್ ಮ್ಯಾನೇಜರ್ ಚಂದ್ರಯ್ಯನವರು ಮಷಿನ್ನಿನ ಹಣೆಗೆ ಕುಂಕುಮ ಇಟ್ಟು ಊದುಬತ್ತಿ ಹಚ್ಚಿದ್ದರು. ಶರಾವತಿ ಹೊಗೆಯಲ್ಲೇ ಕೂತು ಹೊಸ ನಿಯಮದ ತುಂಡನ್ನು ತೆರೆದು ಓದಿದಳು. ತಾನು ಬರೆದ ಹಾಗೆಯೇ ಇದೆ, ಒಂದಕ್ಷರ ಆಚೀಚೆ ಇಲ್ಲ. ಓಡಿಸಿದರೆ ಮಾತ್ರ ಹಳೇ ಪಟ್ಟಿ. ಪಟ್ಟಿಯ ತಲೆಯ ಮೇಲೆ ತನ್ನ ಹೆಸರು ಬರುವ ಹಾಗೆ ಒಂದು ಸಾಲು ಸೇರಿಸಿ ಮೇಕ್ ಓಡಿಸಿದಳು. ‘ಅಪ್ ಟು ಡೇಟ್’ ಅಂದಿತು. ಪಟ್ಟಿ ಒತ್ತಿಸಿದರೆ ಅವಳ ಹೆಸರೇ ಇಲ್ಲ! ಕಣ್ಣ ಮುಂದೆಯೇ ಬರೆದದ್ದನ್ನು ಇದು ನೋಡೇ ಇಲ್ಲ ಅನ್ನುತ್ತಿದೆಯಲ್ಲ. ಮೇಸ್ತ್ರಿಗೆ ಕಣ್ಣಿರುವುದು ತಾರೀಕಿನ ಮೇಲೆ ಮಾತ್ರ ಎಂದು ಆಗ ಹೊಳೆಯಿತು. ಫೈಲುಗಳ ತಾರೀಕನ್ನು ಪರದೆಗೆ ತರಿಸಿದಳು. ಅವಳು ಈಗ ತಾನೆ ಬರೆದ ತುಂಡಿಗೆ ಇವತ್ತಿನ ತಾರೀಕು, ಸೋಮವಾರ. ತಿರುಗಿಸಿ ಇಟ್ಟ ತುಂಡುಗಳಿಗೆಲ್ಲ ಗುರುವಾರದ ತಾರೀಕು. ಹೋದ ಗುರುವಾರವಲ್ಲ, ಬರುವ ಗುರುವಾರ.

ಇನ್ನೂ ಬಾರದ ದಿನದಲ್ಲಿ ರುಬ್ಬಿಟ್ಟ ಹಿಟ್ಟು! ಅವಳು ಏನೇ ಬರೆದರೂ ಮೇಸ್ತ್ರಿಯ ಲೆಕ್ಕದಲ್ಲಿ ಅದು ಹಳೆಯದೇ. ಈ ಚಿಕ್ಕ ಮಷಿನ್ನುಗಳೊಳಗೆ ಗಡಿಯಾರ ಇರಲಿಲ್ಲ, ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ಇವತ್ತು ಯಾವ ತಾರೀಕು ಎಂದು ಅವು ಕೇಳುತ್ತಿದ್ದವು; ಕೇಳಿದ್ದಕ್ಕೆ ಯಾರು ಏನು ಒತ್ತಿದರೆ ಅದೇ ತಾರೀಕು. ಶರಾವತಿ ಚಂದ್ರಯ್ಯನವರ ಕಡೆ ತಿರುಗಿ, ಮಷಿನ್ ಬಂದ ದಿನ ಇದಕ್ಕೆ ತಾರೀಕು ಹೇಳಿದವರು ಯಾರು ಎಂದು ಕೇಳಿದಳು.

“ನಾನೇ,” ಅಂದರು ಚಂದ್ರಯ್ಯ, ಎದೆ ಉಬ್ಬಿಸಿ. “ಆ ಇಂಜಿನಿಯರು ಬಂದಿದ್ದು ಪಕ್ಷಮಾಸದಲ್ಲಿ. ಪಕ್ಷಮಾಸದಲ್ಲಿ ಹೊಸ ಮಷಿನ್ ಶುರು ಮಾಡೋದುಂಟಾ ಮಾರಾಯ್ತಿ? ಬೇಡ ಅಂದ್ರೆ ಅವ್ನು ಕೇಳ್ಲಿಲ್ಲ, ಸಂಜೆ ಬಸ್ಸಿಗೆ ಹೋಗ್ಬೇಕು ಅಂದ. ಅಷ್ಟರಲ್ಲಿ ಮಷಿನ್ನೇ ತಾರೀಕು ಕೇಳ್ತು. ಕೇಳಿದ್ದಕ್ಕೆ ಪಂಚಾಂಗ ನೋಡಿ ಒಳ್ಳೇ ತಾರೀಕೇ ಕೊಟ್ಟೆ. ವಿಜಯದಶಮಿ. ಮಾರನೇ ದಿನದಿಂದ ಸರಿ ತಾರೀಕೇ ಹಾಕ್ತಿದೀನಿ, ಬೇಕಾದ್ರೆ ನೋಡಿ.”

ಶರಾವತಿಗೆ ನಗು ತಡೆಯಲಾಗಲಿಲ್ಲ. ಎರಡು ದಿನದಿಂದ ಕಟ್ಟಿಕೊಂಡಿದ್ದದ್ದೆಲ್ಲ ನಗುವಾಗಿ ಹೊರಬಿತ್ತು, ಕಣ್ಣಲ್ಲಿ ನೀರು ಬಂತು. ಮುದುಕ ಚಂದ್ರಯ್ಯನವರನ್ನು ಬೈಯಲು ಅವಳಿಗೆ ಮನಸ್ಸಾಗಲಿಲ್ಲ. ಅವರು ಸಂಘಕ್ಕೆ ಒಳ್ಳೆಯದಾಗಲಿ ಎಂದೇ ಮಾಡಿದ್ದು. ಪಕ್ಷಮಾಸದಲ್ಲಿ ಕೆಲಸ ಶುರುಮಾಡಿದರೆ ಕೇಡು ಎಂದು ಹೆದರಿದ್ದರು. ಕೇಡೇನೋ ಆಯಿತು, ಆದರೆ ಅದು ಮಾಸ್ತಪ್ಪನ ತಲೆಗೆ ಬಂತು. ಹಾಗೆ ನೋಡಿದರೆ ಆ ದಿನ ಪರದೆ ‘ಅಪ್ ಟು ಡೇಟ್’ ಎಂದಾಗ, ಹೊಸದಾಗಿ ಬರೆದು ತಂದದ್ದನ್ನು ತಿರುಗಿಸದೆಯೇ ಹಾಗೆ ಅನ್ನುವುದು ಹೇಗೆ ಎಂದು ಕೇಳಬೇಕಾದವಳು ತಾನು. ಕೇಳಲಿಲ್ಲ. ತಿರುಗಿಸಿಟ್ಟ ತುಂಡುಗಳನ್ನೆಲ್ಲ ಅಳಿಸಿ ಹೊಸದಾಗಿ ಮಾಡಬೇಕು ಎಂದಾಗ ಚಂದ್ರಯ್ಯನವರ ಮುಖ ಸಣ್ಣಗಾಯಿತು. ಆಮೇಲೆ ಗೋಡೆಯ ಪಂಚಾಂಗ ನೋಡಿ, ನವರಾತ್ರಿ, ಅಡ್ಡಿಯಿಲ್ಲ, ಮಾಡಿ ಎಂದರು. ಮೇಕ್ ಈ ಸಲ ಒಂದೊಂದೇ ತುಂಡನ್ನು ತಿರುಗಿಸುತ್ತ ನಿಧಾನಕ್ಕೆ ನಡೆಯಿತು. ಕೊನೆಗೆ ಪಟ್ಟಿ ಬಂತು, ತಲೆಯ ಮೇಲೆ ಶರಾವತಿಯ ಹೆಸರು, ಕೆಳಗೆ ಮಾಸ್ತಪ್ಪನ ಹೆಸರಿನ ಮುಂದೆ ‘ಆಫ್’. ನಿಟ್ಟೂರು ಬಸ್ಸಿಗೆ ಬದಲಿಯಾಗಿ ತೀರ್ಥಹಳ್ಳಿಯ ಡ್ರೈವರೊಬ್ಬನಿದ್ದ, ಹಳೇ ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂದು ಆ ದಿನ ಅವನೂ ಹೋಗಿರಲಿಲ್ಲ.

ಮಂಗಳವಾರ ಕಮಿಟಿಯ ಮುಂದೆ ಅವಳು ಹಳೇ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಹರಡಿ, ಒಂದನ್ನೂ ಮುಚ್ಚಿಡದೆ ಹೇಳಿದಳು. ಗಿರಿಯಪ್ಪನವರು ಎರಡು ಪಟ್ಟಿಯನ್ನೂ ಹತ್ತಿರಕ್ಕೆಳೆದು ಹೋಲಿಸಿ ನೋಡಿದರು. ಕೊನೆಗೆ ಹೇಳಿದ್ದು ಇಷ್ಟು: ಮಾಸ್ತಪ್ಪ ನಾಳೆ ಬರಲಿ, ಕೀ ಕೊಡೋಣ. ಆದರೆ ಇದು ಈ ಕೋಣೆ ದಾಟಬಾರದು. ಮಷಿನ್ ತಪ್ಪಿತು ಅಂತ ಗೊತ್ತಾದರೆ ನಾಳೆಯಿಂದ ಯಾವ ಡ್ರೈವರೂ ಪಟ್ಟಿಗೆ ಮರ್ಯಾದೆ ಕೊಡುವುದಿಲ್ಲ. ಹಬ್ಬ ಅಂತ ಕ್ಷಮಿಸಿದೆವು ಅಂದರೆ ಸಾಕು.

“ಪಟ್ಟಿ ನಂಬೋ ಹಾಗೆ ಮಾಡೋದು ನನ್ನ ಕೆಲಸ ಸಾರ್, ಮಾಡ್ತೀನಿ,” ಅಂದಳು ಶರಾವತಿ. “ಅದಕ್ಕೆ ಮಾಸ್ತಪ್ಪಣ್ಣ ಸುಳ್ಳನಾಗೇ ಉಳೀಬೇಕಾಗಿಲ್ಲ.”

ಗಿರಿಯಪ್ಪನವರು ಸಭೆ ಮುಗಿಯಿತು ಎಂದು ಎದ್ದರು.

ಆಯುಧಪೂಜೆಯ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ತುಂಬ ಚೆಂಡುಹೂವು, ಬಾಳೆಕಂದು. ಎಲ್ಲ ಬಸ್ಸುಗಳಿಗೂ ಹಾರ ಬಿದ್ದಿತ್ತು, ನಿಟ್ಟೂರು ಬಸ್ಸು ಮಾತ್ರ ಬೋಳಾಗಿ ನಿಂತಿತ್ತು. ಹೊಸ ಡ್ರೈವರಿಗೆ ಬರಬೇಡ ಎಂದು ಹೇಳಿ ಕಳಿಸಿದ್ದರು. ಮಾಸ್ತಪ್ಪನಿಗೆ ಬಾ ಎಂದು ಹೇಳಿ ಕಳಿಸಿದ್ದರು, ಬಂದಿದ್ದ. ಒಗೆದ ಖಾಕಿ ಹಾಕಿಕೊಂಡಿದ್ದ, ಆದರೆ ಬಸ್ಸಿನ ಹತ್ತಿರ ಬಾರದೆ ಹೋಟೆಲಿನ ಕಂಬಕ್ಕೆ ಒರಗಿ ನಿಂತಿದ್ದ. ಗಿರಿಯಪ್ಪನವರು ಕೀ ಚಾಚಿ, ಹಬ್ಬದ ದಿನ ಹಳೇದೆಲ್ಲ ಬೇಡ, ತಗೋ ಎಂದರು. ಮಾಸ್ತಪ್ಪ ಕೈ ಮುಂದೆ ಮಾಡಲಿಲ್ಲ. ಸುತ್ತ ಜನ ಸೇರಿದರು.

ಶರಾವತಿ ಮಹಡಿಯ ಮೆಟ್ಟಿಲಿಳಿದು ಬಂದು ಗಿರಿಯಪ್ಪನವರ ಪಕ್ಕದಲ್ಲಿ ನಿಂತಳು. ಅವರು ಬೇಡ ಎಂಬಂತೆ ಕಣ್ಣು ಮಾಡಿದರು. ಅವಳು ನೋಡಿದರೂ ನೋಡದ ಹಾಗೆ, ಕಂಡಕ್ಟರುಗಳು ಊರಿನ ಹೆಸರು ಕೂಗುವಷ್ಟೇ ಗಟ್ಟಿಯಾಗಿ ಹೇಳಿದಳು. ಮಾಸ್ತಪ್ಪಣ್ಣ ಬೋರ್ಡಿನಲ್ಲಿ ನೋಡಿದ್ದು ನಿಜ. ಅವನಿಗೆ ರಜಾ ಇದ್ದದ್ದು ನಿಜ. ತೀರ್ಥಹಳ್ಳಿಯ ಪಟ್ಟಿ ತಪ್ಪು, ಅದನ್ನು ಸರಿ ಇದೆ ಎಂದು ನೋಡದೆ ಹೇಳಿದ್ದು ನಾನು. ಸುಳ್ಳು ಹೇಳಿದವರು ಯಾರಾದರೂ ಇದ್ದರೆ ಅದು ನಾನೇ.

ಮಾಸ್ತಪ್ಪ ಕಂಬ ಬಿಟ್ಟು ನಿಧಾನಕ್ಕೆ ನಡೆದು ಅವಳೆದುರಿಗೆ ಬಂದು ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

“ನೀವೂ ಸುಳ್ಳು ಹೇಳ್ಲಿಲ್ಲ ತಂಗಿ,” ಅಂದ. “ನೀವು ನಿಮಗೆ ಗೊತ್ತಿದ್ದು ಹೇಳಿದ್ರಿ, ನಾನು ನಂಗೆ ಗೊತ್ತಿದ್ದು ಹೇಳಿದೆ. ನಿಮ್ದು ನಂಬಿದ್ರು, ಅಷ್ಟೇಯ.”

ಗಿರಿಯಪ್ಪನವರ ಕೈಯಿಂದ ಕೀ ತೆಗೆದುಕೊಂಡು, ಹೂವಿನವಳ ಬುಟ್ಟಿಯಿಂದ ದೊಡ್ಡದೊಂದು ಹಾರ ಆರಿಸಿ, ಬಸ್ಸಿನ ಕಡೆ ಹೋದ.